ಬೆಲ್ಲದ ಕೇಕು

ಮನೆಯಲ್ಲಿ ಕೇಕು, ಬಿಸ್ಕತ್ತು ಮೊದಲಾದವನ್ನು ಬೇಯಿಸುವಾಗ ಬಿಳಿಯ ಸಕ್ಕರೆಗೆ ಬದಲಾಗಿ ಯಾವ ಯಾವ ಸಿಹಿಯನ್ನು ಉಪಯೋಗಿಸಬಹುದು ಎಂಬುದನ್ನು ಕುರಿತು ಮಾತನಾಡಬೇಕೆಂದು ನಿಲಯದವರು ಕೇಳಿದಾಗ, ಒಪ್ಪಿಕೊಳ್ಳಲು ನಾನು ನಾಲ್ಕು ದಿನ ತೆಗೆದುಕೊಂಡೆ. ಎರಡು ವರ್ಷದ ಹಿಂದೆ ಕೇಳಿದ್ದರೆ ನಾಲ್ಕು ನಿಮಿಷವೂ ಬೇಕಾಗುತ್ತಿರಲಿಲ್ಲ. ಆಗ ನಾನು ಈ ವಿಷಯದಲ್ಲಿ ದೊಡ್ಡ ಪಂಡಿತಳೆಂದು ಬೀದಿಯಲ್ಲೆಲ್ಲ ಹೆಸರಾಗಿದ್ದೆ. ನಮ್ಮ ಮನೆಯ ಬೆಲ್ಲದ ಕೇಕನ್ನು ತಿಂದು, ಮಾಡುವ ಕ್ರಮವನ್ನು ಚೀಟಿಯಲ್ಲಿ ಬರೆಸಿಕೊಂಡು ಹೋದವರ ಸಂಖ್ಯೆ ಸಣ್ಣದಲ್ಲ. ಆ ಚೀಟಿಗಳಲ್ಲಿ ನಾನು ಬರೆಯದೆ ಬಿಟ್ಟ ಒಂದು ಮಾತಿದೆ. ಅದನ್ನು ಹೇಳಲು ಇದೊಂದು ಅವಕಾಶವೆಂದುಕೊಂಡು ಇಲ್ಲಿಗೆ ಬಂದಿದ್ದೇನೆ.

ನಮ್ಮ ಮಾವನವರಿಗೆ ಎಂಬತ್ತು ಸಮೀಪಿಸಿದೆ. ಸಕ್ಕರೆ ಕಾಯಿಲೆ ಬಂದು ಹದಿನೆಂಟು ವರ್ಷವಾಯಿತು. ಶಿಸ್ತಿನ ಮನುಷ್ಯರು, ಬೆಳಿಗ್ಗೆ ನಡಿಗೆ, ಹೊತ್ತಿಗೆ ಸರಿಯಾಗಿ ಮಾತ್ರೆ, ರಾತ್ರಿ ರಾಗಿಯ ಮುದ್ದೆ. ಆದರೆ ಸಿಹಿಯ ಹೆಸರೆತ್ತಿದರೆ ಅವರ ಮುಖದಲ್ಲಿ ಒಂದು ಬಗೆಯ ವಿರಹ ಕಾಣಿಸಿಕೊಳ್ಳುತ್ತಿತ್ತು. ಅತ್ತೆಯವರು ಇದ್ದಾಗ ಹಬ್ಬದ ದಿನ ಒಬ್ಬಟ್ಟಿನ ಅಂಚನ್ನಾದರೂ ಮುರಿದು ಕೊಡುತ್ತಿದ್ದರು. ಅವರು ಹೋದ ಮೇಲೆ ಆ ಅಂಚೂ ನಿಂತಿತು. ಮಗ ಆಫೀಸಿನಿಂದ ತಂದ ಹುಟ್ಟುಹಬ್ಬದ ಕೇಕನ್ನು ಮೊಮ್ಮಗ ಅವರೆದುರಿಗೇ ತಿನ್ನುವಾಗ, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಕೂರುತ್ತಿದ್ದರು. ಆ ಪತ್ರಿಕೆ ಒಮ್ಮೆ ತಲೆಕೆಳಗಾಗಿದ್ದುದನ್ನು ನಾನು ಕಣ್ಣಾರೆ ಕಂಡೆ. ಅಂದು ಸಂಜೆಯೇ ನಿಶ್ಚಯಿಸಿದೆ: ಇವರಿಗೆಂದೇ ಸಕ್ಕರೆಯಿಲ್ಲದ ಒಂದು ಕೇಕನ್ನು ಮಾಡಬೇಕು.

ಸಕ್ಕರೆಯಿಲ್ಲದ ಎಂದರೆ ನನ್ನ ಮನಸ್ಸಿನಲ್ಲಿ ಇದ್ದದ್ದು ಬೆಲ್ಲ. ಇದರಲ್ಲಿ ನಮ್ಮ ಭಾಷೆಯ ತಪ್ಪೂ ಸ್ವಲ್ಪ ಇದೆ ಎಂದು ನನಗೆ ಅನ್ನಿಸುತ್ತದೆ. ಆ ರೋಗವನ್ನು ನಾವು ಸಕ್ಕರೆ ಕಾಯಿಲೆ ಎಂದು ಕರೆದೆವು. ಹೆಸರಿನಲ್ಲೇ ಅಪರಾಧಿ ಸಿಕ್ಕಿಬಿದ್ದನಲ್ಲ, ಉಳಿದವರೆಲ್ಲ ನಿರಪರಾಧಿಗಳಾಗಿ ಬಿಡುಗಡೆಯಾದರು. ಬೆಲ್ಲದ ಕಾಯಿಲೆ ಎಂದು ಯಾರೂ ಕರೆಯಲಿಲ್ಲ. ಸಂಸ್ಕೃತದವರು ಮಧುಮೇಹ ಎಂದು ಜೇನಿನ ಹೆಸರನ್ನಿಟ್ಟರೂ ಅದನ್ನು ಕೇಳಿ ಜೇನುಸೀಸೆಯನ್ನು ಅನುಮಾನದಿಂದ ನೋಡಿದವರಿಲ್ಲ. ಬೆಲ್ಲವಂತೂ ನಮ್ಮಲ್ಲಿ ಮಂಗಳದ್ರವ್ಯ. ಬಿಸಿಲಿನಲ್ಲಿ ಬಂದವರಿಗೆ ಬೆಲ್ಲ ನೀರು, ಯುಗಾದಿಗೆ ಬೇವು ಬೆಲ್ಲ, ಸಂಕ್ರಾಂತಿಗೆ ಎಳ್ಳು ಬೆಲ್ಲ. ಹೀಗಿರುವಾಗ ಅದನ್ನು ಕಟಕಟೆಯಲ್ಲಿ ನಿಲ್ಲಿಸುವವರು ಯಾರು?

ನನಗಂತೂ ಬೆಲ್ಲದ ಮೇಲೆ ಇನ್ನೊಂದು ಬಗೆಯ ಮಮತೆ. ನನ್ನ ತವರು ಮಂಡ್ಯದ ಕಡೆ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ. ಹಿಂದೆ ಅದು ರಾಗಿಯ ಸೀಮೆಯಾಗಿತ್ತೆಂದು ಅಜ್ಜ ಹೇಳುತ್ತಿದ್ದರು. ಕನ್ನಂಬಾಡಿಯ ನೀರು ಬಂದ ಮೇಲೆ ಕಬ್ಬು ಬಂತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾಯಿತು. ಹೊಲಗಳ ನಡುವೆ ಆಲೆಮನೆಗಳೂ ಎದ್ದವು. ಗದ್ದೆಯಲ್ಲಿ ನಿಂತ ಕಬ್ಬಿಗೆ ತಾನು ಕಾರ್ಖಾನೆಗೆ ಹೋಗುತ್ತೇನೋ ಆಲೆಮನೆಗೆ ಹೋಗುತ್ತೇನೋ ತಿಳಿದಿರುತ್ತಿರಲಿಲ್ಲ. ಆ ವರ್ಷದ ಬೆಲೆಯನ್ನೂ, ಕಾರ್ಖಾನೆಯವರು ಕಡಿಯಲು ಒಪ್ಪಿಗೆ ಕೊಡುವ ದಿನವನ್ನೂ ನೋಡಿಕೊಂಡು ಅಪ್ಪ ನಿರ್ಧರಿಸುತ್ತಿದ್ದರು.

ಆಲೆಮನೆಯ ರಾತ್ರಿಗಳನ್ನು ಕಂಡವರು ಮರೆಯಲಾರರು. ಒಂದು ಕಡೆ ಗಾಣ ಕಿರುಗುಟ್ಟುತ್ತಿರುತ್ತದೆ. ಹಾಲು ಹರಿದು ಬಂದು ತೊಟ್ಟಿಗೆ ಬೀಳುತ್ತದೆ. ಕಬ್ಬಿನ ರಸವನ್ನು ನಾವು ಹಾಲೆಂದೇ ಕರೆಯುವುದು. ಹಿಂಡಿ ಬಿಸಿಲಿನಲ್ಲಿ ಒಣಗಿಸಿದ ಕಬ್ಬಿನ ಸಿಪ್ಪೆಯೇ ಒಲೆಗೆ ಉರುವಲು. ಅಗಲವಾದ ಕೊಪ್ಪರಿಗೆಯಲ್ಲಿ ಹಾಲು ಕಾಯತೊಡಗಿದಂತೆ ಹಸಿರು ಮಿಶ್ರಿತ ಕಲ್ಮಷ ಮೇಲಕ್ಕೆ ಬರುತ್ತದೆ. ಸ್ವಲ್ಪ ಸುಣ್ಣದ ತಿಳಿ ಹಾಕುತ್ತಾರೆ. ಬೆಂಡೆಯ ಗಿಡವನ್ನು ಜಜ್ಜಿ ನೀರಿನಲ್ಲಿ ಕಿವುಚಿ, ಆ ಲೋಳೆಯನ್ನು ಬಿಡುತ್ತಾರೆ. ಲೋಳೆ ಕಲ್ಮಷವನ್ನೆಲ್ಲ ಅಪ್ಪಿಕೊಂಡು ಮೇಲೆ ತೇಲುತ್ತದೆ. ಉದ್ದ ಹಿಡಿಯ ಜರಡಿಯಿಂದ ತೆಗೆದು ಹಾಕುತ್ತಾರೆ. ಅನಂತರ ನೊರೆ, ನೊರೆಯ ಬಣ್ಣದಲ್ಲಿ ಬದಲಾವಣೆ, ವಾಸನೆಯಲ್ಲಿ ಬದಲಾವಣೆ. ಪಾಕ ಹಾಕುವ ಮುದುಕನೊಬ್ಬನಿದ್ದ. ಉಷ್ಣಮಾಪಕವೆಂಬುದನ್ನು ಅವನು ಕಂಡವನಲ್ಲ. ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಪಾಕ ಬಿಟ್ಟು, ಬೆರಳಿನಲ್ಲಿ ಉರುಟಿ, ಬಟ್ಟಲಿನ ಅಂಚಿಗೆ ಟಕ್ಕೆಂದು ಬಡಿಯುತ್ತಿದ್ದ. ಆ ಸದ್ದಿನಲ್ಲಿ ಅವನಿಗೆ ಹದ ತಿಳಿಯುತ್ತಿತ್ತು. ಪುಸ್ತಕದವರು ಅದನ್ನು 118 ಡಿಗ್ರಿಯ ಸುಮಾರು ಎನ್ನುತ್ತಾರೆ. ಅವನ ಕಿವಿಯೂ ಅದನ್ನೇ ಹೇಳುತ್ತಿತ್ತು. ನೂರು ಕಿಲೋ ಕಬ್ಬಿಗೆ ಹತ್ತು ಕಿಲೋ ಬೆಲ್ಲ ಬಂದರೆ ಅಪ್ಪನಿಗೆ ಸಮಾಧಾನ. ಕೊಪ್ಪರಿಗೆಯ ತಳವನ್ನು ಕೆರೆಯುವ ಹಕ್ಕು ಮಕ್ಕಳದು.

ಕಾರ್ಖಾನೆಯಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ ಕೆಲಸ. ಅಲ್ಲಿ ನಿರ್ವಾತದ ಪಾತ್ರೆಯಲ್ಲಿ ಕಡಿಮೆ ಶಾಖದಲ್ಲಿ ರಸವನ್ನು ಬತ್ತಿಸಿ, ಹರಳು ಕಟ್ಟಿಸಿ, ಗಿರ್ರನೆ ತಿರುಗುವ ಯಂತ್ರದಲ್ಲಿ ಹರಳನ್ನೂ ಕಾಕಂಬಿಯನ್ನೂ ಬೇರೆ ಮಾಡುತ್ತಾರೆ. ಆಲೆಮನೆಯಲ್ಲಿ ಕಾಕಂಬಿ ಬೆಲ್ಲದ ಜೊತೆಯಲ್ಲೇ ಉಳಿಯುತ್ತದೆ. ಬೆಲ್ಲಕ್ಕೆ ಬಣ್ಣ, ಕಂಪು, ಒಂದಿಷ್ಟು ಖನಿಜಾಂಶ ಎಲ್ಲ ಬರುವುದು ಅದರಿಂದ. ಇದಿಷ್ಟು ನನಗೆ ಬಾಲ್ಯದಿಂದಲೇ ಗೊತ್ತಿತ್ತು. ಇದರಿಂದ ಹೊರಡಬೇಕಾಗಿದ್ದ ತೀರ್ಮಾನ ಮಾತ್ರ ಹೊಳೆಯಲಿಲ್ಲ.

ಇನ್ನು ಕೇಕಿನ ವಿಚಾರ. ಮೊದಲನೆಯ ಸಲ ಸಕ್ಕರೆಯ ಕೇಕಿನ ಕ್ರಮವನ್ನೇ ಇಟ್ಟುಕೊಂಡು, ಸಕ್ಕರೆ ಎಂದಿದ್ದ ಕಡೆ ಕುಟ್ಟಿದ ಬೆಲ್ಲ ಹಾಕಿದೆ. ಹೊರಬಂದದ್ದು ಒಂದು ಕಂದು ಇಟ್ಟಿಗೆ. ಮಾವನವರು ಬಾಯಿಗಿಟ್ಟು, ಕಟುಂ ಎಂದು ಕಲ್ಲು ಸಿಕ್ಕಿದ ಸದ್ದಾಗಿ, ‘ಪರವಾಗಿಲ್ಲ ಕಣಮ್ಮ, ಅಡಿಪಾಯಕ್ಕೆ ಆಗುತ್ತೆ’ ಎಂದರು.

ತಪ್ಪು ಎಲ್ಲಿದೆಯೆಂದು ಹುಡುಕುತ್ತ ಹೋದಾಗ ಕೇಕಿನಲ್ಲಿ ಸಕ್ಕರೆ ಕೇವಲ ಸಿಹಿಗಾಗಿ ಇಲ್ಲವೆಂಬುದು ತಿಳಿಯಿತು. ಬೆಣ್ಣೆಯೊಡನೆ ಸಕ್ಕರೆಯನ್ನು ಸೇರಿಸಿ ಕಡೆಯುವಾಗ ಹರಳುಗಳ ಚೂಪಾದ ಅಂಚುಗಳು ಬೆಣ್ಣೆಯೊಳಗೆ ಸಣ್ಣ ಸಣ್ಣ ಗಾಳಿಯ ಗೂಡುಗಳನ್ನು ಕಟ್ಟುತ್ತವೆ. ಒಲೆಯಲ್ಲಿ ಹಿಗ್ಗುವುದು ಈ ಗೂಡುಗಳೇ. ಸಕ್ಕರೆ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುವುದರಿಂದ ಹಿಟ್ಟಿನ ಜಿಗಟು ಬಿಗಿಯಾಗದೆ ಕೇಕು ಮೃದುವಾಗುತ್ತದೆ; ಪಿಷ್ಟ ಗಟ್ಟಿಯಾಗುವುದೂ ತಡವಾಗಿ, ಉಬ್ಬಲು ಕಾಲಾವಕಾಶ ಸಿಗುತ್ತದೆ. ಮೇಲಿನ ಹೊಂಬಣ್ಣವೂ ಬಹುಪಾಲು ಅದರದೇ. ಮೆತ್ತಗಿನ, ತೇವದ ಬೆಲ್ಲಕ್ಕೆ ಹರಳಿನ ಅಂಚಿಲ್ಲ. ಎಷ್ಟು ಕಡೆದರೂ ಬೆಣ್ಣೆ ಸಕ್ಕರೆಯ ಜೊತೆ ಉಬ್ಬಿದಷ್ಟು ಅದರ ಜೊತೆ ಉಬ್ಬುವುದಿಲ್ಲ.

ಆದುದರಿಂದ ಬೆಲ್ಲದ ಕೇಕಿಗೆ ಬೇರೆ ದಾರಿ ಹಿಡಿಯಬೇಕು. 150 ಗ್ರಾಂ ಬೆಲ್ಲವನ್ನು ಅರ್ಧ ಬಟ್ಟಲು ನೀರಿನಲ್ಲಿ ಕರಗಿಸಿ, ಕುದಿಸದೆ, ಬಟ್ಟೆಯಲ್ಲಿ ಸೋಸಬೇಕು. ಸೋಸಿದ ಬಟ್ಟೆಯನ್ನು ನೋಡಿದರೆ ಆಲೆಮನೆಯ ನೆಲದ ದರ್ಶನವಾಗುತ್ತದೆ. ಚೆನ್ನಾಗಿ ಆರಿದ ಮೇಲೆ ಅರ್ಧ ಬಟ್ಟಲು ಮೊಸರು, 100 ಮಿಲಿಲೀಟರು ಎಣ್ಣೆ ಅಥವಾ ಕರಗಿಸಿದ ಬೆಣ್ಣೆ. ಆರುವ ಮುಂಚೆ ಹಾಲನ್ನೋ ಮೊಸರನ್ನೋ ಬೆರೆಸಿದರೆ ಒಡೆಯುತ್ತದೆಂಬುದು ಪಾಯಸ ಮಾಡಿದವರಿಗೆಲ್ಲ ತಿಳಿದದ್ದೇ. 200 ಗ್ರಾಂ ಗೋಧಿಹಿಟ್ಟಿಗೆ ಒಂದು ಚಮಚ ಬೇಕಿಂಗ್ ಪೌಡರು, ಅರ್ಧ ಚಮಚ ಅಡಿಗೆ ಸೋಡಾ ಸೇರಿಸಿ ಜರಡಿ ಹಿಡಿದು, ಎರಡನ್ನೂ ಬೇಗ ಬೇಗ ಕಲಸಿ ಓವನ್ನಿಗೆ ಇಡಬೇಕು. ಬೆಲ್ಲದಲ್ಲಿಯೂ ಮೊಸರಿನಲ್ಲಿಯೂ ಇರುವ ಹುಳಿ ಸೋಡಾವನ್ನು ಕೆಣಕಿ ಅನಿಲ ಹೊರಡಿಸುತ್ತದೆ. ಹರಳು ಮಾಡಬೇಕಾಗಿದ್ದ ಕೆಲಸವನ್ನು ಅದು ಮಾಡಿಕೊಡುತ್ತದೆ. ಸೋಡಾ ಹೆಚ್ಚಾದರೆ ಸೋಪಿನ ರುಚಿ. ಇನ್ನೊಂದು ಎಚ್ಚರ: ಬೆಲ್ಲದಲ್ಲಿ ಗ್ಲೂಕೋಸು ಫ್ರುಕ್ಟೋಸುಗಳ ಒಂದು ಪಾಲು ಇರುವುದರಿಂದ ಬೇಗ ಕೆಂಪೇರುತ್ತದೆ. ಸಕ್ಕರೆಯ ಕೇಕಿಗೆ 180 ಡಿಗ್ರಿಯಾದರೆ ಇದಕ್ಕೆ 165 ಸಾಕು. ಮುಕ್ಕಾಲು ಗಂಟೆ ಹಿಡಿಯುತ್ತದೆ. ಅದೇ ಗುಣದಿಂದ ತೇವವನ್ನು ಹಿಡಿದಿಟ್ಟುಕೊಂಡು ಮೂರನೆಯ ದಿನವೂ ಮೃದುವಾಗಿರುತ್ತದೆ. ಏಲಕ್ಕಿ, ಚೂರು ಒಣಶುಂಠಿ ಬಿದ್ದರೆ, ಬೇಯುವ ಹೊತ್ತಿಗೆ ನಮ್ಮ ಅಡಿಗೆಮನೆಯಲ್ಲಿ ಆಲೆಮನೆಯ ರಾತ್ರಿಯೊಂದು ಬಂದು ನಿಂತಂತಾಗುತ್ತದೆ. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ.

ಜೇನು, ಖರ್ಜೂರ, ಬಾಳೆಹಣ್ಣುಗಳನ್ನೂ ಪರೀಕ್ಷಿಸಿದೆ. ಜೇನಿನ ವಿಷಯದಲ್ಲಿ ಬಟ್ಟಲಿನ ಅಳತೆ ಮೋಸ ಮಾಡುತ್ತದೆ. ಒಂದು ಬಟ್ಟಲು ಸಕ್ಕರೆ 200 ಗ್ರಾಂ ತೂಗಿದರೆ ಅದೇ ಬಟ್ಟಲಿನ ಜೇನು 340 ಗ್ರಾಂ ತೂಗುತ್ತದೆ. ಅದರಲ್ಲಿ ಆರರಲ್ಲೊಂದು ಪಾಲು ನೀರೆಂದು ಕಳೆದರೂ ಒಂದು ಬಟ್ಟಲು ಜೇನಿನಲ್ಲಿರುವ ಸಕ್ಕರೆ ಒಂದು ಬಟ್ಟಲು ಸಕ್ಕರೆಯನ್ನು ಮೀರುತ್ತದೆ! ಅದೂ ಅಲ್ಲದೆ, ಕಾಸಿದ ಜೇನು ಸಲ್ಲದೆಂದು ಚರಕ ಸಂಹಿತೆ ಹೇಳುತ್ತದೆಂದು ಮಾವನವರೇ ತಕರಾರು ತೆಗೆದರು. ಶಾಸ್ತ್ರದ ಮಾತು ಏನೇ ಇರಲಿ, ಒಳ್ಳೆಯ ಜೇನಿನ ಕಂಪು ಓವನ್ನಿನಲ್ಲಿ ಹಾರಿಹೋಗಿ ಬರಿಯ ಸಿಹಿ ಉಳಿಯುವುದನ್ನು ಕಂಡ ಮೇಲೆ ನಾನು ವಾದಿಸಲಿಲ್ಲ. ವರ್ಷ ತುಂಬದ ಕೂಸಿಗೆ ಜೇನನ್ನು ಕೊಡಲೇಬಾರದೆಂದು ವೈದ್ಯರು ಹೇಳುವುದನ್ನು ಮಾತ್ರ ಇಲ್ಲಿ ನೆನಪಿಸುತ್ತೇನೆ. ಖರ್ಜೂರವನ್ನು ನೆನೆಸಿ ರುಬ್ಬಿ ಹಾಕಿದರೆ ನಾರಿನ ಅಂಶವೇನೋ ಸೇರುತ್ತದೆ; ಆದರೆ ಅದರ ತೂಕದ ಮೂರರಲ್ಲಿ ಎರಡು ಪಾಲು ಸಕ್ಕರೆಯೇ, ಮತ್ತು ಕೇಕು ಹಲ್ವದ ಕಡೆಗೆ ವಾಲುತ್ತದೆ. ಕರಿಚುಕ್ಕೆ ಬಿದ್ದ ಏಲಕ್ಕಿಬಾಳೆ ಇವೆಲ್ಲಕ್ಕಿಂತ ಸಾಧು. ಹಣ್ಣು ಮಾಗಿದಂತೆ ಅದರ ಪಿಷ್ಟ ತಾನೇ ಸಿಹಿಯಾಗಿರುತ್ತದೆ. ಬೇರೆ ಸಿಹಿ ಸ್ವಲ್ಪವೇ ಸಾಕು.

ಅಂತೂ ಬೆಲ್ಲದ ಕೇಕು ಗೆದ್ದಿತು. ಪ್ರತಿದಿನ ಸಂಜೆ ಕಾಫಿಯ ಜೊತೆ ಮಾವನವರಿಗೆ ಎರಡು ತುಂಡು. ಅವರಿಗೆ ಇಪ್ಪತ್ತು ವರ್ಷ ಕಡಿಮೆಯಾದಂತಾಯಿತು. ಸ್ನೇಹಿತರನ್ನು ಕರೆತಂದು, ‘ಸಕ್ಕರೆಯಿಲ್ಲದ್ದು, ಧೈರ್ಯವಾಗಿ ತಿನ್ನಿ’ ಎಂದು ಉಪಚರಿಸುತ್ತಿದ್ದರು. ಆ ಸ್ನೇಹಿತರಲ್ಲಿ ಇಬ್ಬರು ಅದೇ ಕಾಯಿಲೆಯವರು. ನನಗೂ ಹೆಮ್ಮೆ. ಹೀಗೆ ಐದು ತಿಂಗಳು ಕಳೆಯಿತು.

ಚಪ್ಪಲಿ ಕಚ್ಚಿ ಅವರ ಬಲಗಾಲಿನ ಹೆಬ್ಬೆರಳಿನಲ್ಲಿ ಒಂದು ಸಣ್ಣ ಗಾಯವಾಯಿತು. ಕಡಲೆಕಾಳಿನಷ್ಟು. ವಾರ ಕಳೆದರೂ ಮಾಯಲಿಲ್ಲ. ಎರಡನೆಯ ವಾರ ಸುತ್ತ ಕಪ್ಪು ತಿರುಗಿತು. ಅವರಿಗೆ ನೋವೇ ತಿಳಿಯುತ್ತಿರಲಿಲ್ಲ. ಅದೇ ಒಳ್ಳೆಯದೆಂದು ನಾವು ತಿಳಿದಿದ್ದೆವು. ವೈದ್ಯರು ನೋಡಿ, ಮೂರು ತಿಂಗಳ ಸರಾಸರಿಯನ್ನು ತೋರಿಸುವ ರಕ್ತಪರೀಕ್ಷೆ ಮಾಡಿಸಿದರು. ವರ್ಷದ ಹಿಂದೆ 7.2 ಇದ್ದದ್ದು 8.9 ಆಗಿತ್ತು.

‘ಏನು ತಿಂತಿದ್ದೀರಿ ಯಜಮಾನ್ರೇ?’ ಎಂದು ಕೇಳಿದರು.

‘ನಮ್ಮ ಮನೇಲಿ ನನ್ನ ಪಾಲಿಗೆ ಸಕ್ಕರೆ ನಿಂತು ಎಷ್ಟೋ ಕಾಲವಾಯಿತು ಡಾಕ್ಟ್ರೇ’ ಎಂದರು ಮಾವ.

‘ಸಿಹಿ ಏನೂ ಇಲ್ಲವೇ?’

‘ಇಲ್ಲದೆ ಏನು! ಸೊಸೆ ಬೆಲ್ಲದ್ದು ಮಾಡಿಕೊಡ್ತಾಳೆ. ದಿನಾ.’

ವೈದ್ಯರು ಗದರಲಿಲ್ಲ. ಗದರಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಕಡೆ ಒಂದು ಕಾಗದವನ್ನು ತಳ್ಳಿ, ಕೇಕಿನ ಲೆಕ್ಕ ಬರೆಯಿರಿ ಎಂದರು. ಬರೆದೆ. 150 ಗ್ರಾಂ ಬೆಲ್ಲ, ಹನ್ನೆರಡು ತುಂಡು. ತುಂಡಿಗೆ ಹನ್ನೆರಡೂವರೆ ಗ್ರಾಂ. ದಿನಕ್ಕೆ ಎರಡೆಂದರೆ ಇಪ್ಪತ್ತೈದು. ಬೆಲ್ಲದಲ್ಲಿ ಬಹುಪಾಲು ಸಕ್ಕರೆಯದೇ ರಾಸಾಯನಿಕ ದ್ರವ್ಯ, ಉಳಿದದ್ದರಲ್ಲಿಯೂ ಹೆಚ್ಚಿನದು ಅದೇ ಒಡೆದು ಆದದ್ದು; ರಕ್ತದಲ್ಲಿ ಗ್ಲೂಕೋಸನ್ನು ಏರಿಸುವುದರಲ್ಲಿ ಅದು ಸಕ್ಕರೆಗಿಂತ ಹಿಂದೆ ಬೀಳುವುದಿಲ್ಲ ಎಂದು ಅವರು ವಿವರಿಸಿದರು. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿಯಾದರೆ ಬೆಲ್ಲದಲ್ಲಿ ಸುಮಾರು 380. ‘ಕಬ್ಬಿಣದ ಅಂಶ ಇದೆಯಲ್ಲವೇ?’ ಎಂದೆ, ಮುಳುಗುವವಳು ಹುಲ್ಲುಕಡ್ಡಿ ಹಿಡಿದಂತೆ. ಇದೆ, ನೂರು ಗ್ರಾಮಿಗೆ ಕೆಲವು ಮಿಲಿಗ್ರಾಂ. ಅದಕ್ಕಾಗಿ ನೂರು ಗ್ರಾಂ ಬೆಲ್ಲ ತಿನ್ನುವುದಕ್ಕಿಂತ ಒಂದು ಹಿಡಿ ಸೊಪ್ಪು ತಿನ್ನಿ ಎಂದರು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಸೂಚನೆಯನ್ನು ಆಮೇಲೆ ಓದಿದೆ. ಸೇರಿಸಿದ ಸಕ್ಕರೆ ದಿನದ ಆಹಾರಶಕ್ತಿಯ ಹತ್ತರಲ್ಲೊಂದು ಪಾಲನ್ನು ಮೀರಬಾರದು, ಇಪ್ಪತ್ತರಲ್ಲೊಂದು ಪಾಲಿಗೆ ಇಳಿದರೆ ಇನ್ನೂ ಒಳ್ಳೆಯದು ಎಂಬುದು ಅದರ ಸಾರ. ಈ ಲೆಕ್ಕದಲ್ಲಿ ಜೇನನ್ನೂ ಪಾನಕಗಳನ್ನೂ ಹಣ್ಣಿನ ರಸವನ್ನೂ ಸೇರಿಸಿದ್ದಾರೆ. 2000 ಕ್ಯಾಲೊರಿಯ ಊಟಕ್ಕೆ ಆ ಇಪ್ಪತ್ತರಲ್ಲೊಂದು ಪಾಲೆಂದರೆ ಇಪ್ಪತ್ತೈದು ಗ್ರಾಂ. ಆರೋಗ್ಯವಂತನಿಗೂ ಅಷ್ಟೇ ಸಾಕೆನ್ನುವುದನ್ನು ನಾನು ಹದಿನೆಂಟು ವರ್ಷದ ರೋಗಿಗೆ ಒಂದೇ ಕಾಫಿಯ ಹೊತ್ತಿನಲ್ಲಿ, ಪ್ರೀತಿಯಿಂದ, ತಟ್ಟೆಯಲ್ಲಿಟ್ಟು ಕೊಡುತ್ತಿದ್ದೆ.

ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ಒಂದು ಹಂತದಲ್ಲಿ ಬೆರಳನ್ನು ತೆಗೆಯಬೇಕಾಗಬಹುದೆಂದು ವೈದ್ಯರು ಹೇಳಿದ್ದರು. ಪ್ರತಿದಿನ ಬೆಳಿಗ್ಗೆ ಪಟ್ಟಿ ಬಿಚ್ಚಿ, ತೊಳೆದು, ಕಟ್ಟುವ ಕೆಲಸ ನನ್ನದಾಗಿತ್ತು. ಮಾವನವರು ಒಂದು ದಿನವೂ ಕೇಕಿನ ಮಾತೆತ್ತಲಿಲ್ಲ. ಮೊದಲ ವಾರದಲ್ಲೊಮ್ಮೆ ನಾನೇ ಅತ್ತುಬಿಟ್ಟಾಗ, ‘ತಿಂದವನು ನಾನಲ್ಲವೇನಮ್ಮ? ನನಗೇನು ಗೊತ್ತಿರಲಿಲ್ಲ ಅಂತ ತಿಳಿದೆಯಾ? ಬೆಲ್ಲ ಅಂತ ನೀನು ಹೇಳಿದೆ, ಕೇಳೋಕೆ ನನಗೆ ಇಷ್ಟವಾಗಿತ್ತು’ ಎಂದರು. ಬೆರಳು ಉಳಿಯಿತು.

ಆಮೇಲೆ ನಾನು ಕೇಕನ್ನು ಬಿಡಲಿಲ್ಲ. ವೈದ್ಯರನ್ನು ಕೇಳಿಕೊಂಡೇ ಲೆಕ್ಕವನ್ನು ಬದಲಾಯಿಸಿದೆ. 150 ಗ್ರಾಂ ಬೆಲ್ಲವನ್ನು 120ಕ್ಕೆ, 100ಕ್ಕೆ, ಕಡೆಗೆ 70ಕ್ಕೆ ಇಳಿಸಿದೆ. ಒಮ್ಮೆಗೇ ಇಳಿಸಿದರೆ ನಾಲಗೆ ಮುಷ್ಕರ ಹೂಡುತ್ತದೆ. ಹದಿನೈದು ದಿನಕ್ಕೊಂದು ಮೆಟ್ಟಿಲು ಇಳಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಮಾಗಿದ ಒಂದು ಬಾಳೆಹಣ್ಣು ತೇವಕ್ಕೆ, ಹುರಿದು ಪುಡಿಮಾಡಿದ ಕಡಲೆಕಾಯಿಬೀಜ ಹಿಟ್ಟಿನ ಕಾಲು ಭಾಗಕ್ಕೆ. ಹನ್ನೆರಡು ತುಂಡು ಹದಿನಾರಾಯಿತು. ದಿನಕ್ಕೆ ಎರಡು ಇದ್ದದ್ದು ವಾರಕ್ಕೆ ಎರಡಾಯಿತು. ಗೋಧಿಯೂ ಹೊಟ್ಟೆಗೆ ಹೋಗಿ ಗ್ಲೂಕೋಸೇ ಆಗುತ್ತದೆಂಬುದನ್ನು ಮರೆಯದೆ, ಕೇಕು ತಿಂದ ರಾತ್ರಿ ಮುದ್ದೆ ಅರ್ಧ. ಇದು ನಮ್ಮ ಮನೆಯ ಲೆಕ್ಕ. ನಿಮ್ಮ ಮನೆಯದನ್ನು ನಿಮ್ಮ ವೈದ್ಯರೊಡನೆ ಕುಳಿತು ಹಾಕಿಕೊಳ್ಳತಕ್ಕದ್ದು.

ಇಷ್ಟೆಲ್ಲ ಆದ ಮೇಲೂ ಸಕ್ಕರೆಗೆ ಹಿಂದಿರುಗದೆ ಬೆಲ್ಲವನ್ನೇ ಏಕೆ ಹಾಕುತ್ತೀರಿ ಎಂದು ಕೇಳುವವರಿದ್ದಾರೆ. ರುಚಿಗಾಗಿ. ಎಪ್ಪತ್ತು ಗ್ರಾಂ ಸಕ್ಕರೆ ಹಾಕಿದ ಕೇಕು ಸಪ್ಪೆ. ಎಪ್ಪತ್ತು ಗ್ರಾಂ ಒಳ್ಳೆಯ ಬೆಲ್ಲ ಹಾಕಿದ ಕೇಕಿಗೆ ಒಂದು ವ್ಯಕ್ತಿತ್ವವಿರುತ್ತದೆ. ಆದರೆ ಒಳ್ಳೆಯ ಬೆಲ್ಲ ಯಾವುದು? ಮಂಡ್ಯದ ಮಾರುಕಟ್ಟೆಯಲ್ಲಿ ಅಚ್ಚು, ಬಕೆಟ್ಟು, ಕುರಿಕಾಲಚ್ಚು ಎಂದು ಆಕಾರಕ್ಕೊಂದು ಹೆಸರಿದೆ. ಕೊಳ್ಳುವವರು ಮಾತ್ರ ನೋಡುವುದು ಬಣ್ಣವನ್ನು. ಚಿನ್ನದಂತೆ ಹೊಳೆಯಬೇಕು. ಆ ಹೊಳಪಿಗಾಗಿ ಕೊಪ್ಪರಿಗೆಗೆ ಹೈಡ್ರೋಸು, ಎಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಬೀಳಲಾರಂಭಿಸಿತು. ಅದನ್ನು ಹಾಕದ ರೈತನ ಕಪ್ಪು ಬೆಲ್ಲವನ್ನು ಮೂಸುವವರಿರಲಿಲ್ಲ. ಅಪ್ಪ ಒಂದು ವರ್ಷ ಹಾಗೆ ನಷ್ಟಪಟ್ಟದ್ದು ನನಗೆ ನೆನಪಿದೆ. ಈಗ ಅದೇ ಕಪ್ಪು ಬೆಲ್ಲ ಪಟ್ಟಣದ ಅಂಗಡಿಗಳಲ್ಲಿ ಸಾವಯವವೆಂಬ ಚೀಟಿ ಹಚ್ಚಿಕೊಂಡು ಹೆಚ್ಚಿನ ಬೆಲೆಗೆ ಕುಳಿತಿರುತ್ತದೆ. ಕೆಲವು ಚೀಟಿಗಳ ಮೇಲೆ ಮಧುಮೇಹಿಗಳಿಗೂ ಹಿತಕರ ಎಂದು ಬರೆದಿರುವುದನ್ನು ಕಂಡಾಗಲೆಲ್ಲ, ನಾನು ಹಂಚಿದ ಚೀಟಿಗಳು ನೆನಪಾಗುತ್ತವೆ. ಅವನ್ನು ಬರೆಸಿಕೊಂಡು ಹೋದವರ ಮನೆಗಳಿಗೆ ಹೋಗಿ, ತಿದ್ದಿ ಬಂದಿದ್ದೇನೆ. ಎರಡು ಮನೆಯವರು ಊರು ಬಿಟ್ಟಿದ್ದಾರೆ. ಈಗ ಎಲ್ಲಿದ್ದಾರೋ, ರೇಡಿಯೋ ಕೇಳುತ್ತಾರೋ ಇಲ್ಲವೋ.

ಕಳೆದ ಸಂಕ್ರಾಂತಿಯ ದಿನ ಎದುರುಮನೆಯ ಹುಡುಗಿ ಎಳ್ಳು ಬೀರಲು ಬಂದಳು. ತಟ್ಟೆಯಲ್ಲಿ ಎಳ್ಳು ಬೆಲ್ಲ, ಕಬ್ಬಿನ ತುಂಡು, ಬಾಳೆಹಣ್ಣು, ಮೇಲೊಂದು ಸಕ್ಕರೆ ಅಚ್ಚಿನ ಗಿಳಿ. ಮಾವನವರು ಗಿಳಿಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನು ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಕೊಕ್ಕನ್ನಷ್ಟೇ ಪಟಕ್ಕನೆ ಮುರಿದು ಬಾಯಿಗೆ ಹಾಕಿಕೊಂಡು, ಉಳಿದ ಗಿಳಿಯನ್ನು ಮೊಮ್ಮಗನ ಕೈಗಿತ್ತರು.

‘ಇವತ್ತು ಕೇಕಿನ ದಿನವೇನಮ್ಮ?’ ಎಂದು ಕೇಳಿದರು.

‘ಹೌದು ಮಾವ, ಒಂದು ತುಂಡು.’

‘ಕೊಕ್ಕನ್ನು ಅದರಲ್ಲಿ ಕಳೆದುಕೋ. ಆದರೆ ತೀರಾ ತೆಳ್ಳಗೆ ಕೊಯ್ಯಬೇಡ’ ಎಂದು ಹೇಳಿ, ಪತ್ರಿಕೆಯನ್ನು ನೆಟ್ಟಗೆ ಹಿಡಿದುಕೊಂಡು ಓದತೊಡಗಿದರು.